ಒತ್ತಡದ ಅಂಕೆಗೆ ಪೂರ್ಣ ಹೆಸರು ಬೇಕು

ಶಿವಮೊಗ್ಗ, ಭದ್ರಾವತಿಗಳೆರಡರಲ್ಲಿಯೂ ಹೊಸಮನೆ ಎಂಬ ಬಡಾವಣೆಯುಂಟು. ಅಲ್ಲಿನ ವಿದ್ಯಾರ್ಥಿಯ ಕಿವಿಗೆ ಒತ್ತಡದ ಅಂಕೆಗಳು ಎಷ್ಟು ಬಗೆಯಾಗಿ ಬೀಳುತ್ತವೆ ನೋಡೋಣ. ಟೈರಿಗೆ ಗಾಳಿ ತುಂಬುವವರು ‘ಮೂವತ್ತು’ ಎನ್ನುತ್ತಾರೆ. ಅದು ಚದರ ಅಂಗುಲಕ್ಕೆ 30 ಪೌಂಡು. ವೈದ್ಯರು ‘ನೂರಿಪ್ಪತ್ತು’ ಎನ್ನುತ್ತಾರೆ. ಅದು ಪಾದರಸದ 120 ಮಿಲಿಮೀಟರು. ಹವಾಮಾನ ಶಾಸ್ತ್ರಜ್ಞರ ಮಾನ ಹೆಕ್ಟೋಪಾಸ್ಕಲ್, ಪಠ್ಯಪುಸ್ತಕದ್ದು ಪಾಸ್ಕಲ್. ಈ ನಾಲ್ಕೂ ಅಳೆಯುವ ವಸ್ತು ಒಂದೇ ಎಂಬುದು ಎಷ್ಟು ಮಂದಿ ವಿದ್ಯಾರ್ಥಿಗಳಿಗೆ ಹೊಳೆದಿದೆ?

ಮಾನಪರಿವರ್ತನೆಯ ಕೋಷ್ಟಕವನ್ನು ಬಾಯಿಪಾಠ ಮಾಡಿಸಿದರೆ ಸಾಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಸಾಲದೆಂಬುದು ನಮ್ಮ ಅಭಿಪ್ರಾಯ. ಬಲವನ್ನು ಅದು ಬೀಳುವ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದೇ ಒತ್ತಡ. ಒಂದು ಚದರ ಮೀಟರಿನ ಮೇಲೆ ಒಂದು ನ್ಯೂಟನ್ ಬಲ ಬಿದ್ದರೆ ಅದು ಒಂದು ಪಾಸ್ಕಲ್. ಇಷ್ಟನ್ನು ಮನಗಂಡವನು ಕೋಷ್ಟಕವನ್ನು ತಾನೇ ರಚಿಸಿಕೊಳ್ಳಬಲ್ಲನು. ಒಂದು ಪೌಂಡಿನ ತೂಕ 4.45 ನ್ಯೂಟನ್, ಒಂದು ಚದರ ಅಂಗುಲವೆಂದರೆ 0.000645 ಚದರ ಮೀಟರು. ಭಾಗಿಸಿದರೆ ಸುಮಾರು 6,900 ಪಾಸ್ಕಲ್. ಆದುದರಿಂದ ಟೈರಿನ 30 ಪೌಂಡು ಸುಮಾರು 207 ಕಿಲೋಪಾಸ್ಕಲ್.

ದ್ರವದ ಎತ್ತರದಿಂದ ಒತ್ತಡವನ್ನು ತಿಳಿಯುವುದೂ ಇಷ್ಟೇ ಸುಲಭ. ಲಕ್ಕವಳ್ಳಿಯ ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ ಎಂಬುದು ಮಳೆಗಾಲದಲ್ಲಿ ಪತ್ರಿಕೆ ನೋಡುವ ಎಲ್ಲರಿಗೂ ಗೊತ್ತು. 186 ಅಡಿ ಎಂದರೆ 56.7 ಮೀಟರು. ಪ್ರತಿ ಮೀಟರು ನೀರಿನ ಒತ್ತಡ 9.8 ಕಿಲೋಪಾಸ್ಕಲ್ ಆಗಿರುವುದರಿಂದ, ಅಷ್ಟು ಆಳದಲ್ಲಿ ನೀರು ಸುಮಾರು 556 ಕಿಲೋಪಾಸ್ಕಲ್ ಒತ್ತಡವನ್ನು ಹೇರುವುದು. ಟೈರಿನ ಮಾನದಲ್ಲಿ ಇದು ಸುಮಾರು 81 ಪೌಂಡು. ಜಲಾಶಯ ಎಷ್ಟೇ ವಿಶಾಲವಾಗಿದ್ದರೂ ಈ ಲೆಕ್ಕಕ್ಕೆ ಬೇಕಾದುದು ಆಳ ಮಾತ್ರ.

ಮಾನವನ್ನು ತಿಳಿದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಸೊನ್ನೆ ಎಲ್ಲಿಂದ? ಶಿವಮೊಗ್ಗದ ಸುತ್ತಿನಲ್ಲಿ ಗಾಳಿಯ ಒತ್ತಡ ಪಾದರಸದ ಸುಮಾರು 709 ಮಿಲಿಮೀಟರು. ಹಾಗಾದರೆ 120 ಮಿಲಿಮೀಟರಿನ ರಕ್ತವು ಗಾಯದಿಂದ ಹೊರಕ್ಕೆ ಹರಿಯುವುದೆಂತು? ಆ 120 ವಾಯುಭಾರಕ್ಕಿಂತ ಹೆಚ್ಚಾಗಿರುವ ಪ್ರಮಾಣ ಮಾತ್ರ. ಟೈರಿನ ಮಾಪಕವೂ ಹೀಗೆಯೇ ವಾಯುಭಾರವನ್ನು ಸೊನ್ನೆಯೆಂದು ಎಣಿಸುತ್ತದೆ. ಹತ್ತು ಲೀಟರು ಗಾತ್ರದ ಟೈರಿನಲ್ಲಿ ಮಾಪಕ 30 ಪೌಂಡು ತೋರಿದರೆ, ಇಲ್ಲಿನ ವಾಯುಭಾರವಾದ 13.7 ಪೌಂಡನ್ನು ಕೂಡಿಸಿ 43.7 ಎಂದು ತೆಗೆದುಕೊಳ್ಳಬೇಕು. ಆಗ ಬಾಯ್ಲನ ನಿಯಮದಂತೆ, ಉಷ್ಣತೆ ಬದಲಾಗದಿದ್ದರೆ, ಆ ಗಾಳಿ ಬಯಲಿನಲ್ಲಿ ಸುಮಾರು 32 ಲೀಟರು ಜಾಗವನ್ನು ಹಿಡಿಯುವುದು. ಕೂಡಿಸುವುದನ್ನು ಮರೆತವನಿಗೆ ಬರುವ ಉತ್ತರ 22 ಲೀಟರು. ಅವನ ಗುಣಾಕಾರ ಭಾಗಾಕಾರಗಳಲ್ಲಿ ದೋಷವಿಲ್ಲ, ದೋಷ ತಿಳುವಳಿಕೆಯಲ್ಲಿದೆ.

ಭಾರತವು 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಪಾಸ್ಕಲ್ ಎಂಬ ಹೆಸರಿಗೆ 1971ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಆದರೂ ಪೌಂಡು ಬೀದಿಯನ್ನು ಬಿಟ್ಟು ಹೋಗಿಲ್ಲ. ಕಾರ್ಖಾನೆಗಳ ಮಾಪಕಗಳಲ್ಲಿ ಚದರ ಸೆಂಟಿಮೀಟರಿಗೆ ಇಷ್ಟು ಕಿಲೋಗ್ರಾಂ ಎಂಬ ಮಾನವೂ ಉಂಟು. 30 ಪೌಂಡನ್ನು 30 ಕಿಲೋ ಎಂದು ಬಗೆದರೆ ಒತ್ತಡ ಹದಿನಾಲ್ಕು ಪಟ್ಟು ಮೀರುವುದು. ಪರೀಕ್ಷೆಯಲ್ಲಿ ಇಂತಹ ತಪ್ಪಿಗೆ ಒಂದೆರಡು ಅಂಕ ಹೋದೀತು. ಬಾಯ್ಲರಿನ ಮುಂದೆ ನಿಂತವನಿಗೆ ಪ್ರಾಣವೇ ಹೋದೀತು.

ಆದುದರಿಂದ ಉಪಾಧ್ಯಾಯರಲ್ಲಿ ನಮ್ಮ ಬಿನ್ನಹವಿಷ್ಟು. ಬೀದಿಯ ಮಾನಗಳನ್ನು ಹಳೆಯವೆಂದು ತಳ್ಳದೆ ತರಗತಿಗೆ ತನ್ನಿ. ಅವುಗಳನ್ನು ವಿದ್ಯಾರ್ಥಿಗಳಿಂದಲೇ ಪಾಸ್ಕಲಿಗೆ ಇಳಿಸಿರಿ. ಯಾವ ಮಾನ, ಯಾವ ಸೊನ್ನೆ ಎಂಬೆರಡನ್ನೂ ಹೇಳದ ಅಂಕೆಯನ್ನು ಉತ್ತರವೆಂದು ಒಪ್ಪಬೇಡಿರಿ. ನಾಳೆ ಮಾಪಕದ ಮುಂದೆ ನಿಲ್ಲುವವರು ಇಂದಿನ ಈ ವಿದ್ಯಾರ್ಥಿಗಳೇ.