ಸೋಡಿ ಕೊಟ್ಟರೆ ಸಂಬಳ ಕೊಟ್ಟಂತಾಯಿತೇ?

ಕಳೆದ ಮೇ ಕೊನೆಯಲ್ಲಿ, ಮಳೆಗಾಲಕ್ಕೆ ದೋಣಿಗಳು ನಿಲ್ಲುವ ಹೊತ್ತಿಗೆ, ನನ್ನ ಭಾಯಿಜಾನ್ ಮುರ್ಡೇಶ್ವರದಿಂದ ಮನೆಗೆ ಬಂದರು. ಕೈಯಲ್ಲಿ ಒಂದು ಕಪ್ಪು ಚೀಲ. ಅದರೊಳಗೆ ಹೊಸ ರೆಗ್ಯುಲೇಟರ್. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು ನೀರಿನೊಳಗೆ ಉಸಿರಾಡಲು ಬೇಕಾದಷ್ಟು ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ಸಾಧನ ಅದು. ಇದೇ ವಸ್ತು ಪ್ರವಾಸಿಗರಿಗೆ ಈ ಬೆಲೆಗೆ ಸಿಗುವುದಿಲ್ಲ, ವೃತ್ತಿಯಲ್ಲಿ ಇರುವವರಿಗೆ ಮಾತ್ರ ಎಂದು ಅವರು ಹೆಮ್ಮೆಯಿಂದ ಹೇಳಿದರು. ಅಮ್ಮಿ ಅದನ್ನು ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ತನ್ಖಾ ಕಿತ್ತಾ ದೇತೇ?"

ಭಾಯಿಜಾನ್ ಚೀಲದ ಜಿಪ್ ಎಳೆದರು. ಉತ್ತರ ಬರಲಿಲ್ಲ.

ನೇತ್ರಾಣಿ ದ್ವೀಪ ನಮ್ಮವರಿಗೆ ಹೊಸತಲ್ಲ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ. ಅಕ್ಟೋಬರಿನಿಂದ ಮೇವರೆಗೆ ಬೆಂಗಳೂರಿನಿಂದ ಬಂದವರು ಅಲ್ಲಿ ನೀರಿಗಿಳಿದು ಮೀನು ನೋಡುತ್ತಾರೆ. ಅವರ ಪಕ್ಕದಲ್ಲಿ ಒಬ್ಬ ಮಾರ್ಗದರ್ಶಕ ಇರುತ್ತಾನಲ್ಲ, ವಿಡಿಯೋಗಳಲ್ಲಿ ಅರ್ಧ ಮಾತ್ರ ಕಾಣಿಸುವವನು, ಆ ಕೆಲಸ ಕಲಿಯಲು ಭಾಯಿಜಾನ್ ಒಂದು ಕೇಂದ್ರಕ್ಕೆ ಸೇರಿದ್ದರು. ಡೈವಿಂಗ್‌ನಲ್ಲಿ ವೃತ್ತಿಯ ಮೊದಲ ಮೆಟ್ಟಿಲು ಡೈವ್‌ಮಾಸ್ಟರ್. ಅದಕ್ಕೆ 18 ವರ್ಷ ತುಂಬಿರಬೇಕು. 1966ರಲ್ಲಿ ಅಮೆರಿಕದಲ್ಲಿ ಶುರುವಾದ ಪ್ಯಾಡಿ ಸಂಸ್ಥೆಯ ನಿಯಮದಂತೆ, ಆ ಪ್ರಮಾಣಪತ್ರ ಕೈಗೆ ಬರಲು ಕನಿಷ್ಠ 60 ಬಾರಿ ನೀರಿಗಿಳಿದ ದಾಖಲೆ ಬೇಕು. ಇನ್‌ಸ್ಟ್ರಕ್ಟರ್ ಆಗಲು 100.

ಈ ಮೆಟ್ಟಿಲು ಹತ್ತಿದವರಿಗೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಉಪಕರಣ ತಯಾರಿಸುವ ಕಂಪನಿಗಳು ಮಾಸ್ಕ್, ಫಿನ್, ರೆಗ್ಯುಲೇಟರ್, ಡೈವ್ ಕಂಪ್ಯೂಟರ್ ಎಲ್ಲವನ್ನೂ ಕಡಿಮೆ ದರಕ್ಕೆ ಕೊಡುತ್ತವೆ. ಮಾಲ್ಡೀವ್ಸ್, ಕೆಂಪು ಸಮುದ್ರದ ಕಡೆ ವಾರಗಟ್ಟಲೆ ಸಾಗುವ ಡೈವಿಂಗ್ ಹಡಗುಗಳಲ್ಲಿ, ಇಂತಿಷ್ಟು ಜನರ ಗುಂಪು ಕರೆತಂದ ಇನ್‌ಸ್ಟ್ರಕ್ಟರಿಗೆ ಒಂದು ಜಾಗ ಉಚಿತ. ಷರತ್ತುಗಳೂ ಇರುತ್ತವೆ: ಸ್ವಂತ ಬಳಕೆಗೆ ಮಾತ್ರ, ಮರುಮಾರಾಟ ಕೂಡದು, ಸದಸ್ಯತ್ವದ ಶುಲ್ಕವನ್ನು ವರ್ಷವರ್ಷವೂ ಕಟ್ಟಿ ನವೀಕರಿಸಿರಬೇಕು. ನವೀಕರಿಸದಿದ್ದರೆ ಸೋಡಿಯೂ ಇಲ್ಲ.

ನಾವು ಕಾಮರ್ಸ್‌ನವರು ಮೊದಲ ವರ್ಷದಲ್ಲೇ ಟ್ರೇಡ್ ಡಿಸ್ಕೌಂಟ್ ಓದುತ್ತೇವೆ. ತಯಾರಕ ವ್ಯಾಪಾರಿಗೆ ಕೊಡುವ ಸೋಡಿ ಅದು. ಲೆಕ್ಕಪುಸ್ತಕದಲ್ಲಿ ಬರೆಯುವ ಹಾಗಿಲ್ಲ, ಕಳೆದು ಉಳಿದದ್ದನ್ನಷ್ಟೇ ಬರೆಯಬೇಕು. ಆದರೆ ವ್ಯಾಪಾರಿ ಆ ಮಾಲನ್ನು ಮಾರುತ್ತಾನೆ. ಡೈವಿಂಗ್ ಇನ್‌ಸ್ಟ್ರಕ್ಟರ್ ಮಾರುವಂತಿಲ್ಲ. ಹಾಗಾದರೆ ಅವನಿಗೇಕೆ ಸೋಡಿ?

ಮಾರದೆಯೇ ಮಾರುತ್ತಾನೆ, ಅದಕ್ಕೆ. ಮೊದಲ ಸಲ ನೀರಿಗಿಳಿಯುವವನು ತನ್ನ ಜೀವವನ್ನೇ ಆ ಮಾರ್ಗದರ್ಶಕನ ಕೈಗೆ ಕೊಟ್ಟಿರುತ್ತಾನೆ. ಅವನು ಹಾಕಿಕೊಂಡ ಕಂಪನಿ ಯಾವುದೋ ಅದೇ ಒಳ್ಳೆಯದು ಎಂದು ನಂಬಿಬಿಡುತ್ತಾನೆ. ಅಂದಮೇಲೆ ಆ ಸೋಡಿ ಕಂಪನಿಗೆ ಜಾಹೀರಾತಿನ ಖರ್ಚು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪ್ರಕಾಶಕರು ನಮ್ಮ ಉಪನ್ಯಾಸಕರಿಗೆ ಮಾದರಿ ಪ್ರತಿ ಕೊಟ್ಟು ಹೋಗುವುದಿಲ್ಲವೇ? (ಸರ್, ಮೇಡಂ ಮುನಿಸಿಕೊಳ್ಳಬಾರದು, ಸ್ಟಾಫ್ ರೂಮಿನ ಕಪಾಟು ನಾನು ನೋಡಿದ್ದೇನೆ.) "ಇದು ನನಗೆ ಕಡಿಮೆಗೆ ಸಿಕ್ಕಿದ್ದು" ಎಂದು ಕಲಿಯುವವನಿಗೆ ಒಂದು ಮಾತು ಹೇಳಿದರೆ ಸಾಕು. ಹಾಗೆಯೇ ದಿನವೂ ಉಪ್ಪುನೀರಿನಲ್ಲಿ ಕೆಲಸ ಮಾಡುವವರ ಉಪಕರಣ ಬೇಗ ಸವೆಯುತ್ತದೆ. ವರ್ಷಕ್ಕೆರಡು ಸಲ ಇಳಿಯುವವನಿಗೂ ಇವರಿಗೂ ಒಂದೇ ಬೆಲೆ ಎಂದರೆ ನ್ಯಾಯವಲ್ಲ. ಇಷ್ಟರ ಮಟ್ಟಿಗೆ ನಾನು ಸೋಡಿಯ ಪರ.

ನನ್ನ ತಕರಾರು ಬೇರೆ. ಆ ಕೇಂದ್ರ ಭಾಯಿಜಾನ್‌ಗೆ ಹೇಳಿದ್ದು ಇಷ್ಟು: ಕೋರ್ಸ್ ಫೀ ಬೇಡ, ಸಂಬಳವೂ ಇಲ್ಲ, ಊಟ ಮತ್ತು ಮಲಗಲು ಜಾಗ ಉಂಟು, ಪ್ರಮಾಣಪತ್ರ ಬಂದ ಮೇಲೆ ವೃತ್ತಿಯವರ ಸೋಡಿ ಸಿಗುತ್ತದೆ. ಅವರು ಇಡೀ ಸೀಸನ್ ದುಡಿದರು. ತುಂಬಿದ ಒಂದು ಸಿಲಿಂಡರ್ ಸುಮಾರು 15 ಕಿಲೋ ತೂಗುತ್ತದೆ. ಬೆಳಿಗ್ಗೆ ಗಾಡಿಯಿಂದ ದೋಣಿಗೆ, ಸಂಜೆ ದೋಣಿಯಿಂದ ಗಾಡಿಗೆ. ಮಧ್ಯೆ ವೆಟ್‌ಸೂಟ್ ತೊಳೆಯುವುದು, ದೋಣಿಯಲ್ಲಿ ವಾಂತಿ ಮಾಡಿದವರನ್ನು ಹಿಡಿದುಕೊಳ್ಳುವುದು.

ರಜೆಯಲ್ಲಿ ನಾನು ಒಂದು ಹಾಳೆಯಲ್ಲಿ ಟಿ ಆಕಾರದ ಖಾತೆ ಎಳೆದೆ. ಒಂದು ಬದಿಗೆ ಕೋರ್ಸ್ ಫೀ, ಊಟ, ಕೋಣೆ. ಇನ್ನೊಂದು ಬದಿಗೆ ಅವರ ದುಡಿಮೆಯ ದಿನಗಳು, ನಮ್ಮೂರಿನ ಸಾದಾ ಕೂಲಿ ದರದಲ್ಲಿ. ನಾಲ್ಕನೇ ತಿಂಗಳಿಗೇ ಫೀ ತೀರಿಹೋಗಿತ್ತು. ಉಳಿದ ತಿಂಗಳುಗಳ ದುಡಿಮೆಗೆ ಎದುರಾಗಿ ಬರೆಯಲು ನನ್ನಲ್ಲಿ ಏನೂ ಇರಲಿಲ್ಲ, 'ಸೋಡಿ' ಎಂಬ ಪದ ಬಿಟ್ಟು.

ಆ ಪದದ ಬೆಲೆ ಎಷ್ಟು? ಲೆಕ್ಕ ಸುಲಭವಾಗಲೆಂದು ನಾನೇ ಅಂಕಿ ಇಟ್ಟುಕೊಳ್ಳುತ್ತೇನೆ. 60,000 ರೂಪಾಯಿಯ ಉಪಕರಣಕ್ಕೆ ನೂರಕ್ಕೆ 40 ಸೋಡಿ. ಉಳಿಯುವುದು 24,000. ಆದರೆ ಅದನ್ನು ಉಳಿಸಬೇಕಾದರೆ ಮೊದಲು 36,000 ಕೈಯಲ್ಲಿರಬೇಕು. ಸಂಬಳವೇ ಇಲ್ಲದವನ ಬಳಿ ಅದು ಎಲ್ಲಿಂದ ಬರಬೇಕು? ನಮ್ಮ ಮನೆಯಲ್ಲಿ ಅದು ಬಂದದ್ದು ಅಮ್ಮಿಯ ಚೀಟಿಯಿಂದ. ಬಟ್ಟೆ ಹೊಲಿದು ಕಟ್ಟುತ್ತಿದ್ದ ಚೀಟಿಯನ್ನು ಅವರು ಅವಧಿಗೆ ಮೊದಲೇ, ಕಡಿಮೆ ಮೊತ್ತಕ್ಕೆ ಎತ್ತಿ ಕೊಟ್ಟರು. ದುಡ್ಡಿದ್ದವನಿಗೆ ಸೋಡಿ ಲಾಭ. ಇಲ್ಲದವನಿಗೆ ಅದು ಸಾಲದ ಪ್ರೇರಣೆ. ಅಕ್ಕಿಯಂಗಡಿಯವನು ಭಾಯಿಜಾನ್‌ರ ಡೈವಿಂಗ್ ಕಾರ್ಡ್ ನೋಡಿ ಒಂದು ರೂಪಾಯಿಯನ್ನೂ ಬಿಡುವುದಿಲ್ಲ.

ಕಾನೂನು ಇದನ್ನು ಬಹಳ ಹಿಂದೆಯೇ ಕಂಡಿದೆ. ಇಂಗ್ಲೆಂಡಿನಲ್ಲಿ ಕಾರ್ಮಿಕರಿಗೆ ಹಣದ ಬದಲು ಸಾಮಾನು ಕೊಡುವುದನ್ನು ತಡೆಯಲು 1831ರಲ್ಲೇ ಟ್ರಕ್ ಕಾಯ್ದೆ ಬಂತು. ನಮ್ಮ ದೇಶದ 1936ರ ವೇತನ ಪಾವತಿ ಕಾಯ್ದೆಯೂ ಸಂಬಳ ಚಲಾವಣೆಯ ಹಣದಲ್ಲೇ ಇರಬೇಕು ಎಂದಿತು. ತೆರಿಗೆಯವರಂತೂ ಇನ್ನೂ ಚುರುಕು: ವ್ಯವಹಾರದಲ್ಲಿ ಸಿಗುವ ಉಚಿತ ಸೌಲಭ್ಯದ ಮೌಲ್ಯ ವರ್ಷಕ್ಕೆ 20,000 ದಾಟಿದರೆ ಕೊಡುವವನೇ ನೂರಕ್ಕೆ 10 ತೆರಿಗೆ ಕಡಿತ ಮಾಡಬೇಕೆಂಬ ನಿಯಮ 2022ರ ಜುಲೈ 1ರಿಂದ ಬಂತು. ಮಾರಾಟದ ಸೋಡಿಯನ್ನು ಮಾತ್ರ ಅದರಿಂದ ಹೊರಗಿಟ್ಟರು. ಅಂದರೆ ಸರ್ಕಾರಕ್ಕೂ ಗೊತ್ತು, ಸೋಡಿ ಆದಾಯವಲ್ಲ.

ಇದನ್ನೆಲ್ಲ ಹೇಳಿದಾಗ ಭಾಯಿಜಾನ್‌ಗೆ ಸಿಟ್ಟು ಬಂತು. "ನೀನು ಆ ನೀರಿನೊಳಗೆ ಒಮ್ಮೆಯೂ ಇಳಿದಿಲ್ಲ. ಫೀ ಕಟ್ಟಿ ಕಲಿಯುವ ತಾಕತ್ತು ನಮಗಿತ್ತಾ? ಬೇರೆ ಯಾರು ನನ್ನನ್ನು ಹತ್ತಿರ ಸೇರಿಸುತ್ತಿದ್ದರು?" ಎಂದರು. ಅದರಲ್ಲಿ ಸತ್ಯವಿದೆ, ಮುಚ್ಚಿಡುವುದಿಲ್ಲ. ಬಾಗಿಲು ತೆರೆದವರು ಅವರೇ. ಆದರೆ ಬಸ್ ಕಂಡಕ್ಟರಿಗೆ ಟಿಕೆಟ್ ಯಂತ್ರವನ್ನು ಸಂಸ್ಥೆಯೇ ಕೊಡುತ್ತದೆ, ಸೋಡಿಯಲ್ಲಿ ಕೊಂಡು ತಾ ಎನ್ನುವುದಿಲ್ಲ. ಕೆಲಸಕ್ಕೆ ಬೇಕಾದದ್ದನ್ನು ಕೇಂದ್ರ ಕೊಡಲಿ. ಬಾಯಿಗೆ ಇಡುವ ವಸ್ತು ತನ್ನದೇ ಇರಲಿ ಎಂದು ಬಯಸುವವರು ಸಂಬಳದಲ್ಲಿ ಉಳಿಸಿ ಸೋಡಿಯಲ್ಲಿ ಕೊಳ್ಳಲಿ. ಫೀಯ ಬದಲು ದುಡಿಮೆ ಎಂದಾದರೆ ಎಷ್ಟು ದಿನ ಎಂಬುದು ಕಾಗದದ ಮೇಲೆ ಇರಲಿ.

ಈ ಕಾಲೇಜಿನಿಂದ ಹೊರಬಿದ್ದ ಮೇಲೆ ಮೊಬೈಲ್ ಅಂಗಡಿ, ಜಿಮ್, ಹೋಟೆಲ್ ಎಂದು ಕೆಲಸಕ್ಕೆ ಸೇರುವ ಗೆಳೆಯರು ನಮ್ಮಲ್ಲೂ ಇದ್ದಾರೆ. 'ಸ್ಟಾಫ್ ಡಿಸ್ಕೌಂಟ್ ಉಂಟು' ಎಂಬ ಮಾತು ಅವರಿಗೂ ಕೇಳಿಸಲಿದೆ. ಅಮ್ಮಿಯ ಪ್ರಶ್ನೆಯನ್ನು ಮೊದಲ ದಿನವೇ ಕೇಳಿ, ಸೀಸನ್ ಮುಗಿದ ಮೇಲಲ್ಲ.

ಭಾಯಿಜಾನ್ ಈಗ ಇನ್ನೊಂದು ಕೇಂದ್ರದವರ ಜೊತೆ ಮಾತಾಡಿದ್ದಾರೆ. ಸಂಬಳ ದೊಡ್ಡದಲ್ಲ, ಆದರೆ ತಿಂಗಳ ಕೊನೆಗೆ ಬ್ಯಾಂಕಿಗೆ ಬರುತ್ತದಂತೆ. ಅಮ್ಮಿಯ ಚೀಟಿಗೆ ಇನ್ನೂ ಏಳು ಕಂತು ಬಾಕಿ ಇವೆ. ಅಕ್ಟೋಬರಿನ ಕಂತು ನಾನೇ ಕಟ್ಟುತ್ತೇನೆ ಎಂದು ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆ.