ಮುನ್ನೂರು ಜನಕ್ಕೆ ಟಿಕೆಟು, ಕಸಕ್ಕೆ ಲೆಕ್ಕವಿಲ್ಲ

ಕುಮಾರಪರ್ವತಕ್ಕೆ ದಿನಕ್ಕೆ ಮುನ್ನೂರೇ ಜನ ಎಂದು ಅರಣ್ಯ ಇಲಾಖೆ ಗೆರೆ ಎಳೆದಿದೆ. ಮುನ್ನೂರು ಅಂದರೆ ಎಷ್ಟು? ಆರು ಬಸ್ಸಿನ ಸೀಟು ತುಂಬಿದರೆ ಮುಗಿಯಿತು. ನಿಂತವರ ಲೆಕ್ಕ ಬಿಡಿ. ಷಷ್ಠಿಯ ದಿನ ಕುಕ್ಕೆಯ ರಥಬೀದಿ ನೋಡಿದವರಿಗೆ ‘ಇದೂ ಒಂದು ಜನವಾ ಮಾರಾಯ್ರೆ’ ಅನಿಸಬಹುದು. ಆದರೆ ರಥಬೀದಿಗೆ ಗಟ್ಟಿ ರಸ್ತೆ ಉಂಟು, ಚರಂಡಿ ಉಂಟು, ಮರುದಿನ ಗುಡಿಸುವವರಿದ್ದಾರೆ. ಗುಡ್ಡದಲ್ಲಿ ಇರುವುದು ಒಬ್ಬರ ಹಿಂದೆ ಒಬ್ಬರು ನಡೆಯುವ ಕಾಲುದಾರಿ ಮಾತ್ರ.

ಈ ಗೆರೆ ಸುಮ್ಮನೆ ಬಂದದ್ದಲ್ಲ. 2024ರ ಜನವರಿ 26 ಶುಕ್ರವಾರ ಬಿತ್ತು. ಮೂರು ದಿನದ ರಜೆ ಒಟ್ಟಿಗೆ ಸಿಕ್ಕಿತು. ಬಂದವರು ಸಾವಿರಗಟ್ಟಲೆ. ಗುಡ್ಡದ ಮೈಮೇಲೆ ಜನ ಇರುವೆ ಸಾಲಿನ ಹಾಗೆ ನಿಂತ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಟಿಕೆಟಿನ ವ್ಯವಸ್ಥೆ ಆಗುವವರೆಗೆ ಚಾರಣ ಬಂದ್ ಎಂದುಬಿಟ್ಟರು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ಶುರುವಾಯಿತು. ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಲೆಕ್ಕವೂ ಅದರ ಜೊತೆಗೇ ಬಂತು. ಜನರ ಚಿತ್ರ ಮೊಬೈಲಿಗೆ ಬಾರದೆ ಹೋಗಿದ್ದರೆ ಇಲಾಖೆಗೆ ಇಷ್ಟು ಚುರುಕು ಬರುತ್ತಿತ್ತೋ ಇಲ್ಲವೋ, ಓದುಗರೇ ಹೇಳಬೇಕು.

ಗುಡ್ಡವೇನು ಸಣ್ಣದಲ್ಲ. ಎತ್ತರ 1,712 ಮೀಟರು. ಕುಕ್ಕೆಯಿಂದ ತುದಿಗೆ ಹತ್ತಿರಹತ್ತಿರ 13 ಕಿಲೋಮೀಟರು ನಡಿಗೆ. ಕುಕ್ಕೆ ಇರುವುದು ಗಟ್ಟದ ಬುಡದಲ್ಲಾದ್ದರಿಂದ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿ ಏರಬೇಕು. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿದರೆ ದಾರಿ ಅರ್ಧಕ್ಕರ್ಧ ಕಡಿಮೆ, ಏರೂ ಕಡಿಮೆ. ನಗರದವರಿಗೆ ಕುಕ್ಕೆಯ ದಾರಿಯೇ ಬೇಕು. ಕಾರಣ ಸರಳ: ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಕುಕ್ಕೆ. ನಡುದಾರಿಯ ಗಿರಿಗದ್ದೆಯಲ್ಲಿ ಭಟ್ಟರ ಮನೆ. ಹಸಿದು ಬಂದವರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿ ರಾಜ್ಯಕ್ಕೇ ಹೆಸರಾದ ಮನೆ ಅದು.

ಅಲ್ಲಿಂದ ಮೇಲೆ ಮರದ ನೆರಳು ಮುಗಿಯಿತು. ಕಲ್ಲುಮಂಟಪ, ಶೇಷಪರ್ವತದವರೆಗೆ ಬರೀ ಹುಲ್ಲು. ಮಡಿಕೆಗಳ ಸಂದಿಯಲ್ಲಿ ಶೋಲಾ ಕಾಡು. ಮಳೆಯ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುವುದು ಈ ಹುಲ್ಲು ಮತ್ತು ಶೋಲಾ. ಕುಮಾರಧಾರೆ ಹುಟ್ಟುವುದು ಈ ಬೆಟ್ಟದಲ್ಲೇ. ಮಲ್ಲಳ್ಳಿಯಲ್ಲಿ ಧುಮುಕಿ, ಕುಕ್ಕೆಯಲ್ಲಿ ಭಕ್ತರಿಗೆ ಸ್ನಾನ ಮಾಡಿಸಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಬೇಸಗೆಯಲ್ಲಿ ಕೆಳಗಿನ ಊರಿನವರು ಕೊಡಪಾನ ತುಂಬಿಸುವಾಗ ಅದರಲ್ಲಿ ಈ ಗುಡ್ಡದ ಪಾಲೂ ಉಂಟು. ಆದ್ದರಿಂದ ಇದು ಬೆಂಗಳೂರಿನ ಹುಡುಗರ ಮೋಜಿನ ವಿಷಯ ಅಂತ ನಾವು ಅಂಗಡಿ ಕಟ್ಟೆಯಲ್ಲಿ ಕೂತು ತಳ್ಳಿಹಾಕುವ ಹಾಗಿಲ್ಲ.

ಸಾವಿರ ಜನ ಒಂದೇ ದಾರಿಯಲ್ಲಿ ಬೂಟು ಹಾಕಿ ತುಳಿದರೆ ಏನಾಗುತ್ತದೆ? ಹುಲ್ಲು ಸಾಯುತ್ತದೆ. ಮಣ್ಣು ಬಿಚ್ಚಿಕೊಳ್ಳುತ್ತದೆ. ಜೂನ್ ಮಳೆಗೆ ಅದೇ ದಾರಿ ತೋಡಾಗುತ್ತದೆ. ತೋಡಿನಲ್ಲಿ ನಡೆಯಲಾರದೆ ಮರುವರ್ಷ ಬಂದವರು ಪಕ್ಕದಲ್ಲಿ ಹೊಸ ದಾರಿ ಮಾಡುತ್ತಾರೆ. ಹೀಗೇ ಒಂದು ದಾರಿ ನಾಲ್ಕಾಗುತ್ತದೆ. ಫೆಬ್ರವರಿ ಕಳೆದರೆ ಹುಲ್ಲು ಒಣಗಿ ಕಡ್ಡಿ. ಅಡುಗೆಗೆಂದು ಹಚ್ಚಿದ ಒಲೆಯ ಒಂದು ಕಿಡಿ ಸಾಕು. ಬೇಸಗೆಯಲ್ಲಿ ಗೇಟು ಹಾಕುವುದು ಅದಕ್ಕೇ. ಇದರಲ್ಲಿ ಇಲಾಖೆಯನ್ನು ದೂರುವುದಕ್ಕೆ ಏನೂ ಇಲ್ಲ.

ದೂರುವುದಿರುವುದು ಬೇರೆ ಕಡೆ. ಮುನ್ನೂರರ ಲೆಕ್ಕ ಬುಧವಾರಕ್ಕೂ ಒಂದೇ, ಶನಿವಾರಕ್ಕೂ ಒಂದೇ. ಬುಧವಾರ ಬರುವವರೇ ಕಡಿಮೆ. ಶನಿವಾರ ಟಿಕೆಟು ಸಿಗದವರು ಮನೆಯಲ್ಲಿ ಕೂರುತ್ತಾರಾ? ಟಿಕೆಟಿಲ್ಲದ ಇನ್ನೊಂದು ಗುಡ್ಡ ಹುಡುಕುತ್ತಾರೆ. ಅದು ಕಂದಾಯದ ಜಾಗವೋ, ಯಾರದೋ ಎಸ್ಟೇಟಿನ ತುದಿಯೋ ಆಗಿರುತ್ತದೆ. ಅಲ್ಲಿ ಗಾರ್ಡೂ ಇಲ್ಲ, ಗೇಟೂ ಇಲ್ಲ. ಅಲ್ಲಿಗೆ ಈ ಟಿಕೆಟಿನ ಲೆಕ್ಕ ಮುಟ್ಟುವುದಿಲ್ಲ.

ಇನ್ನು ದುಡ್ಡಿನ ಮಾತು. ನಗರದ ಟೂರಿನವರು ಬಸ್ಸು, ಊಟ, ಡೇರೆ, ಗೈಡು ಎಲ್ಲಾ ಸೇರಿಸಿ ತಲೆಗೆ ಇಷ್ಟು ಎಂದು ವಸೂಲು ಮಾಡಿಕೊಂಡೇ ಹೊರಡುತ್ತಾರೆ. ನೀರಿನ ಬಾಟ್ಲಿ, ಬಿಸ್ಕತ್ತು ಕೂಡ ಅಲ್ಲಿಂದಲೇ ಹೊತ್ತು ತರುತ್ತಾರೆ. ಕುಕ್ಕೆಯ ಅಂಗಡಿಗೆ ಸಿಗುವುದು ಒಂದು ಚಾ, ಒಂದು ಇಡ್ಲಿ. ಖಾಲಿ ಬಾಟ್ಲಿ ಮಾತ್ರ ಇಲ್ಲಿಯ ಪಾಲು. ಅಭಯಾರಣ್ಯದ ನೆಲದಲ್ಲಿ ಕಸ ಹಾಕಬಾರದು ಎಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನಲ್ಲೇ ಬರೆದಿದೆ. ಪುಷ್ಪಗಿರಿ ಅಭಯಾರಣ್ಯ ಆಗಿರುವುದು 1987ರಲ್ಲಿ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಪಟ್ಟಿ ಎಷ್ಟಿದ್ದರೇನು, ಚಿಪ್ಸಿನ ತೊಟ್ಟೆ ಹೆಕ್ಕಲು ಮನುಷ್ಯನೇ ಬೇಕಲ್ಲ.

ದಾರಿ ತಪ್ಪಿದವರನ್ನು ಹುಡುಕಲಿಕ್ಕೂ ಊರವರೇ ಬೇಕು. 2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯುವಕನೊಬ್ಬ ಇಳಿಯುವಾಗ ಗುಂಪಿನಿಂದ ತಪ್ಪಿಸಿಕೊಂಡ. ಪೊಲೀಸರು, ಅರಣ್ಯದವರು, ಊರವರು ಕಾಡೆಲ್ಲಾ ಜಾಲಾಡಿದರು. ಕೊನೆಗೆ ಅವನೇ ನೀರಿನ ಪೈಪಿನ ಜಾಡು ಹಿಡಿದು ಊರು ಸೇರಿಕೊಂಡ. ಪುಣ್ಯಾತ್ಮ, ಬದುಕಿದ. ಮಳೆ, ಮಂಜು, ಜಿಗಣೆಯ ಕಾಲದಲ್ಲಿ ಎಲ್ಲರಿಗೂ ಪೈಪು ಕಣ್ಣಿಗೆ ಬೀಳುವುದಿಲ್ಲ.

ಒಂದೇ ದಿನದಲ್ಲಿ ಹತ್ತಿ ಇಳಿಯಬೇಕಾದರೆ 26 ಕಿಲೋಮೀಟರು ಆಯಿತು. ವಾರವಿಡೀ ಕುರ್ಚಿಯಲ್ಲಿ ಕೂತು, ಇಡೀ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದವನ ಮೊಣಕಾಲಿಗೆ ಇದು ಹೆಚ್ಚೇ. ತುದಿಯಲ್ಲಿ ಡೇರೆ ಹೊಡೆಯಲು ಬಿಡಬಾರದು, ಸರಿ. ಆದರೆ ಕೆಳಗೆ ಕಾಡಿನ ಅಂಚಿನಲ್ಲಿ ಮೊದಲ ರಾತ್ರಿ ಉಳಿದು, ಬೆಳಕು ಹರಿಯುವಾಗ ಹತ್ತುವ ಏರ್ಪಾಡು ಆಗಲಿ. ಉಳಿಯುವ ದುಡ್ಡು ಊರಿನ ಮನೆಗಳಿಗೆ ಹೋಗಲಿ. ಗುಂಪಿನ ಜೊತೆ ಸ್ಥಳೀಯ ಗೈಡೇ ಇರಲಿ, ಬೆಂಗಳೂರಿನಿಂದ ಸೀಟಿ ಊದುತ್ತಾ ಬಂದವನಲ್ಲ. ಹತ್ತುವಾಗ ಚೀಲದಲ್ಲಿ ಎಷ್ಟು ಬಾಟ್ಲಿ ಇತ್ತೋ ಅಷ್ಟನ್ನೇ ಇಳಿಯುವಾಗ ತೋರಿಸಲಿ. ಕಡಿಮೆ ಬಿದ್ದರೆ ದಂಡ ಕಟ್ಟಲಿ. ಟಿಕೆಟಿನ ದುಡ್ಡಿನಲ್ಲಿ ದಾರಿ ರಿಪೇರಿಗೆ ಎಷ್ಟು, ಪಂಚಾಯಿತಿಗೆ ಎಷ್ಟು ಎಂಬುದನ್ನು ಗೇಟಿನ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಲಿ. ಮುಂದಿನ ಉದ್ದದ ರಜೆಗೆ ಮೊದಲೇ ಆ ಬೋರ್ಡು ಏಳಬೇಕು.