ಗೂಂಬನ ಪರವಾಗಿ ಎರಡು ಮಾತು

ಕಳೆದ ವರ್ಷ ನಮ್ಮ ವಿದ್ಯಾರ್ಥಿನಿಲಯದಲ್ಲಿ ಒಂದು ಸಂಜೆ ನಡೆದ ವಾದವೇ ಈ ಬರಹಕ್ಕೆ ಕಾರಣ. ಮಿತ್ರರೊಬ್ಬರು ತಮ್ಮ ಸೋದರಮಾವನ ಕಾಲದ ಆಟದ ಯಂತ್ರವೊಂದನ್ನು ಊರಿನಿಂದ ತಂದು ಟೆಲಿವಿಷನ್ ಪೆಟ್ಟಿಗೆಗೆ ಜೋಡಿಸಿದ್ದರು. ಆಟ ‘ಸೂಪರ್ ಮಾರಿಯೊ ಬ್ರದರ್ಸ್’. ಆಟದ ನಾಯಕ ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಬಲಗಡೆಯಿಂದ ಹುಬ್ಬು ಗಂಟಿಕ್ಕಿದ, ಕೈಗಳೇ ಇಲ್ಲದ, ಕಂದುಬಣ್ಣದ ಒಂದು ಪ್ರಾಣಿ ತೊಡರುಗಾಲಿಡುತ್ತ ಬಂತು. ಮಿತ್ರರು ಅದರ ತಲೆಯ ಮೇಲೆ ಹಾರಿದರು. ಅದು ಚಪ್ಪಟೆಯಾಗಿ ಮಾಯವಾಯಿತು. ಲೆಕ್ಕಕ್ಕೆ 100 ಅಂಕ ಸೇರಿತು. “ಪಾಪ, ಅದೇನು ಮಾಡಿತ್ತು?” ಎಂದು ನಾನು ಕೇಳಿದ್ದೇ ತಪ್ಪಾಯಿತು. ಊಟದ ಗಂಟೆ ಹೊಡೆಯುವವರೆಗೂ ನನ್ನನ್ನು ‘ಗೂಂಬನ ವಕೀಲ’ರೆಂದು ಕರೆದು ನಕ್ಕರು. ಬಿರುದು ಬಂದ ಮೇಲೆ ವಕಾಲತ್ತು ವಹಿಸದಿದ್ದರೆ ಹೇಗೆ?

ಮೊದಲು ನನ್ನ ಕಕ್ಷಿಗಾರನ ಪರಿಚಯವನ್ನು ಮಾಡಿಕೊಡಬೇಕು. ಈ ಆಟವನ್ನು ಜಪಾನಿನ ನಿಂಟೆಂಡೊ ಸಂಸ್ಥೆ 1985ರ ಸೆಪ್ಟೆಂಬರಿನಲ್ಲಿ ಹೊರತಂದಿತು. ಅದರ ಮುಖ್ಯ ಕರ್ತೃಗಳು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ. ಗೂಂಬ ಎಂಬುದು ಪಶ್ಚಿಮದವರು ಇಟ್ಟ ಹೆಸರು. ತೌರುಮನೆಯಲ್ಲಿ ಅವನು ‘ಕುರಿಬೊ’. ಜಪಾನೀ ಭಾಷೆಯಲ್ಲಿ ‘ಕುರಿ’ ಎಂದರೆ ಚೆಸ್ಟ್‌ನಟ್ ಎಂಬ ಕಾಯಿ. ಆದರೆ ತಲೆ ತಗ್ಗಿಸಿಕೊಂಡು ಬಲಿಪೀಠದ ಕಡೆಗೆ ನೇರವಾಗಿ ನಡೆಯುವ ಅವನ ರೀತಿಯನ್ನು ಕಂಡವರಿಗೆ ಕನ್ನಡದ ಅರ್ಥವೇ ಹೆಚ್ಚು ಒಪ್ಪುತ್ತದೆ ಎಂದು ತೋರೀತು!

ಇವನು ಹುಟ್ಟಿದ್ದೇ ಕೊನೆಯ ಗಳಿಗೆಯಲ್ಲಿ. ಆಟ ಬಹುಮಟ್ಟಿಗೆ ಸಿದ್ಧವಾಗಿತ್ತು, ಶತ್ರುಪಾಳೆಯದಲ್ಲಿ ಆಮೆಗಳಿದ್ದವು. ಆಮೆಯನ್ನು ತುಳಿದರೆ ಅದು ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ, ಮತ್ತೆ ಒದೆಯಬೇಕು, ಒದ್ದ ಚಿಪ್ಪು ತಿರುಗಿ ಬಂದು ಒದ್ದವನನ್ನೇ ಕೆಡವೀತು. ಹೊಸಬರಿಗೆ ಇಷ್ಟೊಂದು ಪಾಠ ಒಮ್ಮೆಗೇ ಬೇಡ, ಇನ್ನೂ ಸುಲಭನಾದ ಒಬ್ಬ ಬೇಕು ಎಂದು ಕಂಡುಬಂತು. ಆದರೆ ಇಡೀ ಆಟಕ್ಕೆ ಇದ್ದ ಸ್ಥಳ 40 ಕಿಲೋಬೈಟ್. ನಮ್ಮ ಜೇಬಿನ ದೂರವಾಣಿ ಇಂದು ತೆಗೆಯುವ ಒಂದು ಚಿತ್ರವೂ ಅದರಲ್ಲಿ ಹಿಡಿಸದು. ಇದ್ದ ಜಾಗವೂ ಮುಗಿಯುತ್ತ ಬಂದಿತ್ತು. ನಡಿಗೆಗೆ ಎರಡು ಚಿತ್ರ ಬರೆಯುವಷ್ಟು ಎಡೆಯಿಲ್ಲದೆ, ಒಂದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಕ್ಕೂ ಬಲಕ್ಕೂ ಮಗುಚಿ ಮಗುಚಿ ತೋರಿಸಿದರು. ಗೂಂಬನ ಆ ತೊಡರುನಡಿಗೆ ಬಡತನದ ನಡಿಗೆ. ಅಗಲ 16 ಚುಕ್ಕೆ, ಎತ್ತರ 16 ಚುಕ್ಕೆ: ಇಷ್ಟೇ ಅವನ ಆಸ್ತಿ.

ಇಂಥವನನ್ನು ಶತ್ರುವೆಂದು ಕರೆಯುವುದು ನ್ಯಾಯವೆ? ಅವನು ಮಾರಿಯೊನನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅಟ್ಟಿಸಿಕೊಂಡು ಬರುವುದಿಲ್ಲ, ಏನನ್ನೂ ಎಸೆಯುವುದಿಲ್ಲ. ಗೋಡೆ ತಾಗಿದರೆ ಹಿಂದಿರುಗುತ್ತಾನೆ. ತನ್ನವನಿಗೇ ಡಿಕ್ಕಿ ಹೊಡೆದರೂ ಹಿಂದಿರುಗುತ್ತಾನೆ. ಹಳ್ಳ ಬಂದರೆ ತಾನಾಗಿಯೇ ಬಿದ್ದು ಸಾಯುತ್ತಾನೆ. ಅಷ್ಟೇಕೆ, ಆಟ ಪ್ರಾರಂಭವಾದಾಗ ಪರದೆಯ ಮೇಲೆ ಅವನಿರುವುದೇ ಇಲ್ಲ. ಮಾರಿಯೊ ನಿಂತಲ್ಲಿಯೇ ನಿಂತರೆ ಯಾವ ಗೂಂಬನೂ ಅವನನ್ನು ಹುಡುಕಿಕೊಂಡು ಬಾರನು. 400ರಿಂದ ಇಳಿಯುವ ಗಡಿಯಾರವೇ ಅವನನ್ನು ಮುಗಿಸುತ್ತದೆ. ನಾವು ಬಲಕ್ಕೆ ಸರಿದು ಅವನ ಸರಹದ್ದನ್ನು ದಾಟಿದ ಮೇಲೆಯೇ ಅವನಿಗೆ ಚಲನೆ. ಹಾಗಾದರೆ ದಂಡೆತ್ತಿ ಹೋದವರು ಯಾರು?

ಇನ್ನೂ ಒಂದು ಮಾತು. ಮೊದಲ ಸಲ ಆಡುವವರು ಸಾಮಾನ್ಯವಾಗಿ ಅವನಿಗೆ ತಗುಲಿ ಸಾಯುತ್ತಾರೆ. ಸತ್ತು ಹಾರುವುದನ್ನು ಕಲಿಯುತ್ತಾರೆ. ಸ್ವಲ್ಪ ಮುಂದೆ ಪ್ರಶ್ನೆಚಿಹ್ನೆಯ ಪೆಟ್ಟಿಗೆಯಿಂದ ಅವನದೇ ಆಕಾರದ ಅಣಬೆಯೊಂದು ಹೊರಬಿದ್ದು, ಕೊಳವೆಗೆ ಬಡಿದು ನಮ್ಮೆಡೆಗೇ ತಿರುಗುತ್ತದೆ. ಗೂಂಬನಿಗೆ ಹೆದರಿದವನು ಇದಕ್ಕೂ ಹೆದರಿ ಹಾರಲು ನೋಡುತ್ತಾನೆ. ಮೇಲಿನ ಇಟ್ಟಿಗೆ ತಲೆಗೆ ತಾಗಿ ಕೆಳಗೆ ಬಿದ್ದು ಅಣಬೆಯನ್ನು ಮುಟ್ಟುತ್ತಾನೆ. ಸಾಯುವ ಬದಲು ದೊಡ್ಡವನಾಗುತ್ತಾನೆ! ಇದನ್ನು ಹೀಗೆಯೇ ಆಗಲೆಂದು ಯೋಚಿಸಿ ಕಟ್ಟಿದೆವೆಂದು ಮಿಯಾಮೊಟೊ ಅವರೇ ಹೇಳಿದ್ದಾರೆ. ಒಂದು ಅಕ್ಷರದ ವಿವರಣೆಯೂ ಇಲ್ಲದೆ, ಒಂದು ನಿಮಿಷದೊಳಗೆ, ಆಟದ ವ್ಯಾಕರಣವನ್ನೆಲ್ಲ ಕಲಿಸುವ ಈ ಉಪಾಧ್ಯಾಯನಿಗೆ ಸಂಬಳ ತಲೆಯ ಮೇಲೊಂದು ತುಳಿತ. (ನಮ್ಮ ಅಧ್ಯಾಪಕವರ್ಗದವರು ಇಲ್ಲಿ ಮುಗುಳ್ನಕ್ಕರೆ ನನ್ನ ಆಕ್ಷೇಪಣೆಯಿಲ್ಲ.) ರಾಜಕುಮಾರಿಯನ್ನು ಬಿಡಿಸಿ ಎರಡನೆಯ ಬಾರಿ ಆಟಕ್ಕಿಳಿದರೆ ಗೂಂಬರನ್ನೆಲ್ಲ ತೆಗೆದು, ಬೆಂಕಿಯುಂಡೆಗೂ ಜಗ್ಗದ ಗಟ್ಟಿಚಿಪ್ಪಿನ ಜೀರುಂಡೆಗಳನ್ನು ಅವರ ಸ್ಥಾನಕ್ಕೆ ನೇಮಿಸಿರುತ್ತಾರೆ. ಪಾಠ ಮುಗಿಯಿತು, ಉಪಾಧ್ಯಾಯನಿಗೆ ರಜಾ.

ನನಗೆ ಕೋಪ ಬರುವುದು ಆಟದ ಮೇಲಲ್ಲ, ಅದರ ಜೊತೆಗೆ ಕೊಡುತ್ತಿದ್ದ ಕೈಪಿಡಿಯ ಮೇಲೆ. ಗೂಂಬನು ಅಣಬೆರಾಜ್ಯಕ್ಕೆ ದ್ರೋಹ ಬಗೆದ ಅಣಬೆ ಎಂದು ಅದರಲ್ಲಿ ಬರೆದಿದೆ. ಯಾವಾಗ ಬಗೆದನು, ಏಕೆ ಬಗೆದನು, ವಿಚಾರಣೆ ನಡೆಯಿತೆ? ಒಂದೂ ಇಲ್ಲ. ಅದೇ ಕೈಪಿಡಿಯ ಪ್ರಕಾರ ಆ ರಾಜ್ಯದ ನಿಷ್ಠಾವಂತ ಪ್ರಜೆಗಳನ್ನು ಶತ್ರುಗಳು ಮಾಟದಿಂದ ಕಲ್ಲು ಇಟ್ಟಿಗೆಗಳನ್ನಾಗಿ ಮಾಡಿದ್ದಾರೆ. ನಮ್ಮ ನಾಯಕನೋ ದಾರಿಯುದ್ದಕ್ಕೂ ಇಟ್ಟಿಗೆಗಳನ್ನು ಮುಷ್ಟಿಯಿಂದ ಒಡೆಯುತ್ತ ಹೋಗುತ್ತಾನೆ. ಒಂದಕ್ಕೆ 50 ಅಂಕ. ದ್ರೋಹಿಗೆ 100, ಪ್ರಜೆಗೆ 50. ಲೆಕ್ಕ ಯಾರಿಗಾದರೂ ಸರಿಯೆನಿಸಿದರೆ ನನಗೆ ತಿಳಿಸಬೇಕು.

“ಹದಿನಾರು ಚುಕ್ಕೆಯ ಬೊಂಬೆಗೆ ನ್ಯಾಯವೇನು, ಅನ್ಯಾಯವೇನು?” ಎಂದು ಮಿತ್ರರು ಅಂದು ಕೇಳಿದರು. ನಿಜ, ಬೊಂಬೆಗೆ ನೋವಿಲ್ಲ. ಆದರೆ ಆ ಒಂದು ವಾಕ್ಯವನ್ನು ಬರೆದದ್ದು ಬೊಂಬೆಗಾಗಿ ಅಲ್ಲವಷ್ಟೆ. ತುಳಿಯುವವನ ಮನಸ್ಸಿಗೆ ಸಮಾಧಾನವಿರಲೆಂದು. ‘ದ್ರೋಹಿ’ ಎಂಬ ಪದ ಸಿಕ್ಕ ಮೇಲೆ ಮುಖ ನೋಡಬೇಕಾದ್ದಿಲ್ಲ. ಆಟದ ಹೊರಗೂ ಈ ಪದ ಎಷ್ಟು ಅಗ್ಗವಾಗಿ ದೊರೆಯುತ್ತದೆಂಬುದನ್ನು ಯೂನಿಯನ್ ಚುನಾವಣೆಯ ವಾರದಲ್ಲಿ ನಮ್ಮ ಕಾಲೇಜಿನ ಕಟ್ಟೆಯ ಮೇಲೆ ಕುಳಿತವರಿಗೆ ನಾನು ಹೇಳಬೇಕಾಗಿಲ್ಲ. ನಿನ್ನೆಯವರೆಗೆ ಒಂದೇ ತಟ್ಟೆಯಲ್ಲಿ ಉಂಡವನು ಬೇರೊಂದು ಚೀಟಿ ಹಂಚಿದ ಮಾತ್ರಕ್ಕೆ ದ್ರೋಹಿಯಾದದ್ದನ್ನೂ, ಅವನೊಡನೆ ಮಾತಾಡಲು ನಾನೇ ಎರಡು ತಿಂಗಳು ಹಿಂಜರಿದದ್ದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಗೂಂಬನ ವಕಾಲತ್ತಿನಲ್ಲಿ ನನ್ನ ಸ್ವಂತ ಮೊಕದ್ದಮೆಯೂ ಒಂದಿಷ್ಟು ಬೆರೆತಿದೆ ಎಂದರೆ ಸುಳ್ಳಲ್ಲ.

ಭಾರತದ ಮಕ್ಕಳ ವಿಷಯ ಇನ್ನೂ ವಿಚಿತ್ರ. 1990ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದವು ಬಹುತೇಕ ಅಗ್ಗದ ನಕಲು ಯಂತ್ರಗಳು. ಮಿತ್ರರ ಸೋದರಮಾವನ ಪೆಟ್ಟಿಗೆಯೊಡನೆಯೂ ಆ ಕೈಪಿಡಿ ಬಂದಿರಲಿಲ್ಲ. ಅವರು ಆ ಸುಳ್ಳು ಕಾರಣವೂ ಇಲ್ಲದೆಯೇ ತುಳಿದರು. ಇದು ಮೇಲೋ ಕೀಳೋ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಗೂಂಬನಿಗೂ ಮಹತ್ವಾಕಾಂಕ್ಷೆ ಇಲ್ಲದಿಲ್ಲ. ಮೊದಲನೆಯ ಲೋಕದ ಕೋಟೆಯಲ್ಲಿ ಸೇತುವೆಯ ಮೇಲೆ ಬೆಂಕಿ ಉಗುಳುತ್ತ ನಿಂತ ರಾಕ್ಷಸರಾಜನನ್ನು, ಸೇತುವೆ ಕಡಿಯದೆ, ಬೆಂಕಿಯುಂಡೆಗಳಿಂದಲೇ ಹೊಡೆದು ನೋಡಿರಿ. ಬೀಳುವಾಗ ವೇಷ ಕಳಚುತ್ತದೆ. ಕಿರೀಟಧಾರಿಯ ಒಳಗಿದ್ದವನು ಒಬ್ಬ ಗೂಂಬ! ಒಂದು ರಾತ್ರಿಯ ಆಟಕ್ಕೆ ರಾಜವೇಷ ಕಟ್ಟಿ ಬೆಳಗ್ಗೆ ಬಣ್ಣ ತೊಳೆಯುವ ನಮ್ಮ ಕಲಾವಿದರ ನೆನಪಾಗುತ್ತದೆ. ಮುಂದೆ ಅವನ ಕುಲದವರಿಗೆ ಸ್ವಲ್ಪ ಒಳ್ಳೆಯ ಕಾಲವೂ ಬಂತು. 2004ರಲ್ಲಿ ಹೊರಬಂದ ‘ಪೇಪರ್ ಮಾರಿಯೊ’ ಮಾಲೆಯ ಎರಡನೆಯ ಆಟದಲ್ಲಿ ಗೂಂಬೆಲ್ಲಾ ಎಂಬ ಹೆಣ್ಣುಮಗಳು ವಿಶ್ವವಿದ್ಯಾನಿಲಯದಲ್ಲಿ ಪ್ರಾಕ್ತನಶಾಸ್ತ್ರ ಓದುತ್ತಾಳೆ. ಅವಳ ಪ್ರಾಧ್ಯಾಪಕರೂ ಗೂಂಬರೇ. ನಮ್ಮ ಇತಿಹಾಸ ವಿಭಾಗದವರು ಗಮನಿಸಬೇಕು.

2017ರ ‘ಸೂಪರ್ ಮಾರಿಯೊ ಒಡಿಸ್ಸಿ’ಯಲ್ಲಂತೂ ಮಾರಿಯೊ ತನ್ನ ಟೋಪಿಯನ್ನು ಎಸೆದು ತಾನೇ ಗೂಂಬನಾಗಬಹುದು. ಒಬ್ಬರ ತಲೆಯ ಮೇಲೊಬ್ಬರು ನಿಂತ ಗೂಂಬರ ಗೋಪುರವಾಗಿ ನಡೆದು ಹೋದರೆ, ಎತ್ತರದ ಒಂದೆಡೆಯಲ್ಲಿ ಒಬ್ಬ ಗೂಂಬಕನ್ಯೆ ಕಾದಿರುತ್ತಾಳೆ. ಮಾರಿಯೊ ಆಗಿಯೇ ಬಂದವನಿಗೆ ಅವಳು ಒಲಿಯುವುದಿಲ್ಲ. ಗೂಂಬನಾಗಿ ಬಂದವನಿಗೆ ಒಂದು ಚಂದ್ರನನ್ನು ಕೊಡುತ್ತಾಳೆ.